ಜ್ವರ ಯಾರಿಗಿತ್ತು?

೧೯೭೮ ಜೂನ್ ೧೯, ಸೋಮವಾರ. ಅಜ್ಜಂಪುರ

ಎಂಟನೇ ಕ್ಲಾಸಿನ ಕಾಂಪೊಸಿಷನ್ ಅರ್ಧ ತಿದ್ದಿದ್ದೆ. ಸ್ಟಾಫ್ ರೂಮಿಗೆ ಬುಕ್ಕಾಂಬುಧಿಯ ಕರಿಸಿದ್ದಪ್ಪ ಬಂದರು. ಹಿಂದೆ ಮಿಲಿಟರಿಯಲ್ಲಿ ಡ್ರೈವರ್. ಅರವತ್ತು ದಾಟಿದೆ. ಕೈಯಲ್ಲಿ ಇಂಗ್ಲೆಂಡಿನ ಕಾಗದ.

"ಟೀಚ್ರಮ್ಮ, ಇದ್ರಾಗೇನೈತೆ ಸ್ವಲ್ಪ ಓದ್ಹೇಳಿ."

ಬರೆದವರು ಮಿಸೆಸ್ ಆಲ್ಡರ್ಟನ್. ಜನರಲ್ ಥಾರ್ನ್‌ಬಿಯ ಮಗಳು. ಪೆನ್ಷನ್ ಆಫೀಸಿನಿಂದ ವಿಳಾಸ ಸಿಕ್ಕಿತಂತೆ. ತಂದೆ ತೀರಿಕೊಂಡಿದ್ದಾರೆ. ೧೯೪೨ರಲ್ಲಿ, ಬರ್ಮಾದಲ್ಲಿ, ಜಪಾನಿನವರು ಮೇಲೆ ಬೀಳುತ್ತಿದ್ದಾಗ ತಮ್ಮ ಸೈನ್ಯ ಬಿಟ್ಟು ಆಸ್ಪತ್ರೆಗೆ ಬಂದುಬಿಟ್ಟರಂತೆ. ಜ್ವರ ಅಂತ ಕಾರಣ. ಆಮೇಲೆ ಯುದ್ಧ ಮುಗಿಯುವವರೆಗೂ ಯಾವ ಸೈನ್ಯವನ್ನೂ ಅವರ ಕೈಗೆ ಕೊಡಲಿಲ್ಲ. ಈಗ ಯಾರೋ ಹೇಡಿ ಎಂದು ಪುಸ್ತಕದಲ್ಲಿ ಬರೆದಿದ್ದಾರೆ. ಅವರ ಕಾರಿನ ಡ್ರೈವರ್ ನೀವು — ನಿಜವಾಗಿ ಜ್ವರವಿತ್ತೇ?

"ಇತ್ತು ಅಂತ ಬರೀರಿ."

ಎದ್ದು ಹೋದರು. ಟೀ ಕೂಡ ಕುಡಿಯಲಿಲ್ಲ.

ಜೂನ್ ೨೧

ಬರೆದು ಪೋಸ್ಟ್ ಆಫೀಸಿಗೆ ಹೊರಟಿದ್ದೆ. ಗೇಟಿನಲ್ಲೇ ಕರಿಸಿದ್ದಪ್ಪ ತಡೆದರು.

"ಜ್ವರ ಸಾಹೇಬ್ರಿಗಲ್ಲ. ನಂಗೆ."

ಸ್ಟೀರಿಂಗ್ ಮೇಲೇ ಎಚ್ಚರ ತಪ್ಪಿತಂತೆ. ಜನರಲ್ ಇವರನ್ನು ಹಿಂದಿನ ಸೀಟಿಗೆ ಎತ್ತಿ ಹಾಕಿ ತಾವೇ ಓಡಿಸಿದರು. ಹಗಲು ಪೂರ್ತಿ. ಆಸ್ಪತ್ರೆ ಬಾಗಿಲಲ್ಲಿ ಹೇಳಿದ್ದು ಒಂದೇ — ಯಾರಾದರೂ ಕೇಳಿದರೆ ಸಾಹೇಬರಿಗೂ ಜ್ವರವಿತ್ತು ಅನ್ನು. ಆಮೇಲೆ ಸೈನ್ಯದವರು ನಡೆಸಿದ ವಿಚಾರಣೆಯಲ್ಲಿ ಇವರು ಹಾಗೇ ಹೇಳಿದರು.

ಎಂಥ ದೊಡ್ಡ ಮನುಷ್ಯ, ಅಂದೆ.

"ಅದೇ ಗೊತ್ತಿಲ್ಲ ಕಣಮ್ಮ. ಬ್ಯಾರೆ ಡ್ರೈವರ್ ಇಬ್ರಿದ್ರು. ಅವ್ರ ಕೈಲಿ ಕಳಿಸ್ಬೋದಿತ್ತು. ನನ್ನ ಉಳ್ಸಕ್ಕೆ ಬಂದ್ರೋ, ನನ್ನ ನೆವ ಮಾಡ್ಕಂಡು ಅವ್ರು ಉಳ್ಕಣಕ್ಕೆ ಬಂದ್ರೋ... ಒಂದಿನ ಹಿಂಗನ್ಸುತ್ತೆ, ಒಂದಿನ ಹಂಗನ್ಸುತ್ತೆ."

ಬರೆದಿದ್ದ ಕಾಗದ ಹರಿದೆ. ಈಗ ಏನಂತ ಬರೆಯುವುದು?

ಜೂನ್ ೨೫, ಭಾನುವಾರ

ಬುಕ್ಕಾಂಬುಧಿಗೆ ಹೋಗಿಬಂದೆ. ಅವರ ಹೆಂಡತಿ ಅಂಜಿನಮ್ಮ ಬೇಡಿಕೊಂಡರು. "ಜ್ವರ ಇತ್ತು ಅಂತ್ಲೇ ಬರೀರಿ. ಪಾಪ, ಆ ಹೆಣ್ಮಗಳು ನೆಮ್ಮದಿಯಾಗಿರ್ಲಿ."

"ಸುಮ್ಕಿರೇ. ಆಗಿದ್ದು ಆದಂಗೇ ಬರೀರಿ ಟೀಚ್ರಮ್ಮ. ಸಾಹೇಬ್ರ ಮನ್ಸಲ್ಲಿ ಏನಿತ್ತೋ ನಂಗೊತ್ತಿಲ್ಲ ಅಂತಾನೂ ಬರೀರಿ. ಇನ್ನೊಂದು ಕೇಳ್ರಿ — ನಾವ್ ಬಂದ್ಮ್ಯಾಲೆ ಅಲ್ಲಿದ್ದೋರು ಏನಾದ್ರು?"

ಮೂವತ್ತಾರು ವರ್ಷ ಯಾರನ್ನೂ ಕೇಳಿಲ್ಲವಂತೆ. ಭಯ.

ಆಗಸ್ಟ್ ೨೯

ಉತ್ತರ ಬಂತು. ಮೂರು ಸಲ ಓದಿದೆ. ಮಗಳಿಗೆ ಸಂತೋಷ. ತಂದೆ ಹೇಡಿಯಲ್ಲ, ಡ್ರೈವರನ್ನು ಉಳಿಸಲು ಬಂದವರು — ಪತ್ರಿಕೆಗೆ ಬರೆಯುತ್ತಾರಂತೆ. 'ಗೊತ್ತಿಲ್ಲ' ಅಂತ ಸ್ಪಷ್ಟವಾಗಿ ಬರೆದಿದ್ದೆನಲ್ಲ? ಓದಲಿಲ್ಲವೇ? ಇಲ್ಲಾ, ನನ್ನ ಇಂಗ್ಲಿಷೇ ಸರಿಯಿರಲಿಲ್ಲವೋ...

ಕೊನೆಯಲ್ಲಿ ನಮ್ಮ ಪ್ರಶ್ನೆಗೆ ಉತ್ತರ. ಅಂದು ಹಿಂದೆ ಸರಿಯಿರಿ ಎಂದು ಆರ್ಡರ್ ಕೊಡಲು ಅಲ್ಲಿ ಜನರಲ್ ಇರಲಿಲ್ಲ. ಸತ್ತವರು ನೂರಾ ನಲವತ್ತು.

ಇದನ್ನು ಓದಿ ಹೇಳುವುದೋ ಬೇಡವೋ.

ಆಗಸ್ಟ್ ೩೦, ಸಂಜೆ ೫. ಬುಕ್ಕಾಂಬುಧಿ, ಅವರ ಜಗಲಿ

ಪೂರ್ತಿ ಓದಿದೆ. ಕೊನೆಯ ಸಾಲು ಇನ್ನೊಮ್ಮೆ ಓದಿಸಿದರು.

"ನನ್ನೊಬ್ಬನ್ನ ಉಳ್ಸಕ್ಕೆ ನೂರಾ ನಲವತ್ತು ಜನಾನಾ?"

ಹಾಗಲ್ಲ, ಅಂದೆ.

"ಹಂಗಾದ್ರೆ ಹೇಡೀನೇ ಅಂತ ಬರ್ದ್ಬಿಡಿ. ನನ್ಗೋಸ್ಕರ ಬರ್ಲಿಲ್ಲ ಅಂತ. ಈಗ್ಲೇ ಬರೀರಿ."

ಹಾಳೆ ತೆಗೆದೆ. ಡಿಯರ್ ಮಿಸೆಸ್ ಆಲ್ಡರ್ಟನ್. ಅಷ್ಟೇ ಬರೆದಿದ್ದೇನೆ. ಎದುರಿಗೆ ಕೂತು ನನ್ನ ಕೈಯನ್ನೇ ನೋಡುತ್ತಿದ್ದಾರೆ. ಕಾಗದ ಬರೆಯುತ್ತಿದ್ದೇನೆ ಅಂದುಕೊಂಡಿದ್ದಾರೆ, ನಾನು ಇಲ್ಲಿ ಈ ಡೈರಿಯಲ್ಲಿ...