ಅಣ್ಣ ಬಳಗದ ಓಟ ಮತ್ತು ತಮ್ಮ ವರದಿ

ವಿದ್ಯಾರ್ಥಿ ವಿಭಾಗದ ಮಾನ್ಯ ಡೀನ್ ಅವರೇ,

ಒಂದು ಜೀವ ಉಳಿಸಿದ ಹುಡುಗಿಯನ್ನು ತಾವು ಎರಡು ಸೆಮಿಸ್ಟರ್ ಕಾಲ ಅಮಾನತಿನಲ್ಲಿಟ್ಟಿದ್ದೀರಿ. ಆ ಜೀವ ಹೋಗುವ ಹಂತಕ್ಕೆ ಬಂದಾಗ ಪೆವಿಲಿಯನ್ನಿನ ನೆರಳಲ್ಲಿ ಕೂತು ನೋಡುತ್ತಿದ್ದ ನನಗೆ ಒಂದು ನೋಟಿಸನ್ನೂ ಕೊಟ್ಟಿಲ್ಲ. ಈ ಪತ್ರಕ್ಕೆ ಇಷ್ಟೇ ಕಾರಣ.

ಇದೇ ವಿಷಯವಾಗಿ ತಮಗೆ ಇಂಗ್ಲಿಷಿನಲ್ಲಿ ಮೂರು ಪತ್ರ ಬರೆದೆ. ‘ತಮ್ಮ ಕಾಳಜಿಯನ್ನು ಗಮನಿಸಲಾಗಿದೆ’ ಎಂದು ಮೂರಕ್ಕೂ ಒಂದೇ ಉತ್ತರ ಬಂತು. ಗಮನಿಸಿದ ಮೇಲೆ ಏನಾಯಿತು ಎಂಬುದು ಮಾತ್ರ ತಿಳಿಯಲಿಲ್ಲ. ತಾವೂ ಮಣಿಪಾಲದ ಕಡೆಯವರು, ನಮ್ಮ ಕನ್ನಡ ಸಂಘದ ಗೌರವ ಸದಸ್ಯರು. ಸಂಘದ ಪತ್ರಿಕೆ ತಮ್ಮ ಮನೆಗೆ ತಪ್ಪದೆ ಬರುತ್ತದೆ. ಆದ್ದರಿಂದ ಈ ಸಲ ಅದರಲ್ಲೇ, ಎಲ್ಲರೂ ಓದುವ ಹಾಗೆ ಬರೆಯುತ್ತಿದ್ದೇನೆ.

ಓದುಗರಿಗೆ ಹಿನ್ನೆಲೆ ಗೊತ್ತಿರಲಿ. ಸುಬಾಂಗ್ ಜಯಾದ ನಮ್ಮ ಖಾಸಗಿ ವೈದ್ಯಕೀಯ ಕಾಲೇಜಿನ ಮೊದಲ ತಂಡದಲ್ಲಿ ಓದಿ, ಮುಂದೆ ಅಲ್ಲೇ ಮೇಷ್ಟರಾದವನು ನಾನು. ಉಡುಪಿಯಿಂದ ಮಲೇಷ್ಯಾಕ್ಕೆ ಬಂದು ಕ್ಲಾಂಗ್‌ನಲ್ಲಿ ಕ್ಲಿನಿಕ್ ಇಟ್ಟಿದ್ದ ಡಾಕ್ಟರರ ಮಗ. ಆಗ ಹಾಸ್ಟೆಲಿನಲ್ಲಿ ಕನ್ನಡ, ತಮಿಳು, ಮಲಯಾಳ ಮಾತಾಡುವ ಮನೆಗಳ ಹನ್ನೊಂದು ಹುಡುಗರಿದ್ದೆವು. ಜ್ವರ ಬಂದರೆ ಗಂಜಿ ಮಾಡಿಕೊಡಲು, ಅನಾಟಮಿ ತಲೆಗೆ ಹತ್ತದಿದ್ದರೆ ಕೂರಿಸಿ ಹೇಳಿಕೊಡಲು ಯಾರಾದರೂ ಇರಲಿ ಎಂದು ‘ಅಣ್ಣ ಬಳಗ’ ಕಟ್ಟಿದೆವು. ಹೊಸದಾಗಿ ಸೇರಿದ ಪ್ರತಿಯೊಬ್ಬನಿಗೂ ಒಬ್ಬ ಹಿರಿಯ ಅಣ್ಣ, ಓದು ಮುಗಿಸಿ ಹೋದವರೆಲ್ಲ ದೊಡ್ಡಣ್ಣಂದಿರು. ಮೊದಲ ವರ್ಷದ ಪರೀಕ್ಷೆ ಪಾಸಾದ ಸಂಜೆ ಮಳೆಯಲ್ಲಿ ಬಿಳಿ ಕೋಟು ಹಾಕಿಕೊಂಡು ಮೈದಾನ ಒಂದು ಸುತ್ತು ಓಡೋಣ ಎಂದವನು ನಾನೇ. ಜಾರಿ ಬಿದ್ದೆವು, ಬಿದ್ದಲ್ಲೇ ನಕ್ಕೆವು. ಅದರಲ್ಲಿ ಬೇರೇನೂ ಇರಲಿಲ್ಲ.

ಮಾರನೆಯ ವರ್ಷದಿಂದ ಅದು ಪದ್ಧತಿಯಾಯಿತು. ಆಮೇಲೆ ಅದನ್ನು ಬೆಳೆಸಿದವರು ದೊಡ್ಡಣ್ಣಂದಿರು. ವರ್ಷಕ್ಕೊಮ್ಮೆ ಬಂದವರು ‘ನಮ್ಮ ಕಾಲದಲ್ಲಿ ಹೀಗಿತ್ತು’ ಎಂದು ಒಂದೊಂದು ಸೇರಿಸಿದರು. ಒಬ್ಬರು ಎರಡನೆಯ ಸುತ್ತು ತಂದರು, ಇನ್ನೊಬ್ಬರು ಕೋಟಿನ ಗುಂಡಿ ಕತ್ತಿನವರೆಗೆ ಹಾಕಿಸಿದರು. ಮೈದಾನದ ಪ್ರತಿ ಮೂಲೆಯಲ್ಲಿ ನಿಂತು ಹಿರಿಯರ ಹೆಸರು ಒಪ್ಪಿಸಬೇಕು, ತಪ್ಪಿದರೆ ಮತ್ತೊಂದು ಸುತ್ತು ಎಂಬ ನಿಯಮ ಯಾವ ತಂಡದ್ದೋ ನನಗೇ ನೆನಪಿಲ್ಲ. ದೊಡ್ಡಣ್ಣಂದಿರಿಗೆ ಊಟಕ್ಕೆ ಮುಂಚೆ ಮುಗಿದರೆ ಅನುಕೂಲವೆಂದು ಸಂಜೆಯ ಓಟ ಮಧ್ಯಾಹ್ನಕ್ಕೆ ಬಂತು. ಇಷ್ಟಕ್ಕೂ ಕಾಲೇಜಿನ ಪರವಾಗಿ ಬಳಗದ ಸಲಹೆಗಾರ ಯಾರು? ರೋಗಶಾಸ್ತ್ರ ವಿಭಾಗದ ಡಾ. ದಾಮೋದರ, ಅಂದರೆ ನಾನೇ. ಸಲಹೆ ಏನು ಕೊಟ್ಟೆ ಎಂದು ಕೇಳಬೇಡಿ. ಪ್ರತಿ ವರ್ಷ ಮುಂದಿನ ಸಾಲಿನಲ್ಲಿ ಕೂತು ಚಪ್ಪಾಳೆ ತಟ್ಟಿದೆ.

ಕಳೆದ ಮಾರ್ಚಿನ ಆ ಶನಿವಾರ ನೆತ್ತಿ ಸುಡುವ ಬಿಸಿಲು. ಇಪ್ಪತ್ತೆರಡು ಹೊಸಬರು ಓಡುತ್ತಿದ್ದರು. ಪಿನಾಂಗಿನಿಂದ ಬಂದಿದ್ದ ಮೂಳೆ ತಜ್ಞ ವೈಭವ್ ಗೆರೆಯ ಪಕ್ಕ ನಿಂತು ಕೂಗುತ್ತಿದ್ದ. “ನಾವು ಎಂಟು ರೌಂಡ್ ಓಡಿದ್ವಿ! ಮೂರಕ್ಕೇ ಸುಸ್ತಾ ನಿಮ್ಗೆ? ಕಮಾನ್ ಲಾ!” ಅವನು ನನ್ನ ಮೊದಮೊದಲ ವಿದ್ಯಾರ್ಥಿಗಳಲ್ಲೊಬ್ಬ. ಇಷ್ಟು ದೊಡ್ಡ ಸರ್ಜನ್ ಆದ ಮೇಲೂ ಎಲ್ಲರೆದುರು ನನ್ನನ್ನು ‘ದಾಮು ಅಣ್ಣ’ ಎಂದು ಕರೆಯುತ್ತಾನೆ. ಐವತ್ತರ ಹತ್ತಿರ ಬಂದ ಮೇಷ್ಟರಿಗೆ ಇಂಥದ್ದು ಎಷ್ಟು ಹಿತವೆಂದು ತಮಗೆ ವಿವರಿಸಬೇಕಿಲ್ಲ.

ಬಳಗದ ಅಧ್ಯಕ್ಷೆ ಶರಣ್ಯಾ, ಮೂರನೆಯ ವರ್ಷದ ವಿದ್ಯಾರ್ಥಿನಿ. ಹೆಣ್ಣುಮಕ್ಕಳನ್ನು ಸೇರಿಸಿಕೊಂಡು ಹತ್ತು ವರ್ಷವಾದರೂ ನಮ್ಮ ಬಳಗ ‘ಅಣ್ಣ’ನದೇ ಆಗಿ ಉಳಿದಿತ್ತು, ಅಧ್ಯಕ್ಷೆಯಾದ ಮೊದಲ ಹುಡುಗಿ ಇವಳು. ಓಟ ನಡೆದಿರುವಾಗಲೇ ನನ್ನ ಕುರ್ಚಿಯ ಹತ್ತಿರ ಬಂದಳು.

“ಸರ್, ನಿಖಿಲ್ ಈಸ್ ನಾಟ್ ಓಕೆ. ಅವ್ನು ರಾಂಗ್ ಸೈಡ್ ಓಡ್ತಿದಾನೆ. ಪ್ಲೀಸ್, ಸ್ಟಾಪ್ ಮಾಡ್ಸಿ.”

ನಾನು ನೋಡಿದೆ. ಬಯಾನ್ ಲೆಪಾಸ್ ಊರಿನ ಆ ಹೊಸ ಹುಡುಗ ನಿಜಕ್ಕೂ ದಿಕ್ಕು ತಪ್ಪಿದವನಂತೆ ಹೋಗುತ್ತಿದ್ದ. ರೋಗಶಾಸ್ತ್ರ ಕಲಿಸುವವನಿಗೆ ಅದು ಬಿಸಿಲಾಘಾತದ ಲಕ್ಷಣವೆಂದು ತಿಳಿಯಲಿಲ್ಲವೇ? ತಿಳಿಯಿತು. ಆದರೂ ನನ್ನ ಬಾಯಿಂದ ಬಂದದ್ದು ಇದು:

“ಇನ್ನೊಂದೇ ರೌಂಡ್ ಅಲ್ವಾ, ಮುಗೀಲಿ ಬಿಡಮ್ಮ. ಮಧ್ಯ ನಿಲ್ಸಿದ್ರೆ ವೈಭವ್ ಬೇಜಾರು ಮಾಡ್ಕೋತಾನೆ.”

ಅವಳು ನೇರ ಮೈದಾನಕ್ಕಿಳಿದು ಎರಡು ಕೈ ಎತ್ತಿ “ಸ್ಟಾಪ್! ಎಲ್ರೂ ಸ್ಟಾಪ್!” ಎಂದು ಕೂಗಿದಳು. ಅವಳು ತಲುಪುವಷ್ಟರಲ್ಲಿ ನಿಖಿಲ ಬಿದ್ದಿದ್ದ. ಕೋಟಿನ ಗುಂಡಿ ಕಿತ್ತು ಬಿಚ್ಚಿದಳು, ಆಂಬುಲೆನ್ಸಿಗೆ ಫೋನ್ ಮಾಡಿದಳು, ಗೇಟಿನೆದುರಿನ, ತಮಿಳು ಮುಸ್ಲಿಮರು ನಡೆಸುವ ಮಾಮಕ್ ಹೋಟೆಲಿಗೆ ಐಸ್ ತರಲು ಒಬ್ಬನನ್ನು ಓಡಿಸಿದಳು. ಹೋಟೆಲಿನ ಯಜಮಾನರೇ ಬೈಕಿನಲ್ಲಿ ಐಸ್ ಚೀಲ ಹೇರಿಕೊಂಡು ಮೈದಾನದ ಒಳಗೆ ಬಂದರು. “ಇನ್ನುಂ ವೇಣುಮಾ?” ಇನ್ನೂ ಬೇಕೇ ಎಂದು ತಮಿಳಿನಲ್ಲಿ ಕೇಳಿ, ಉತ್ತರಕ್ಕೂ ಕಾಯದೆ ಮತ್ತೊಂದು ಚೀಲ ತಂದರು. ಕಂಕುಳಿಗೆ, ಕತ್ತಿಗೆ, ತೊಡೆಸಂದಿಗೆ ಐಸ್ ಒತ್ತುತ್ತಾ ಅವಳು ಮಂಡಿಯೂರಿ ಕೂತಿದ್ದಳು. ಡಾಕ್ಟರರೇ ತುಂಬಿದ್ದ ಆ ಮೈದಾನದಲ್ಲಿ ಕೆಲಸ ಮಾಡಿದವರು ಒಬ್ಬ ವಿದ್ಯಾರ್ಥಿನಿ, ಒಬ್ಬ ಹೋಟೆಲಿನವರು.

ನಿಖಿಲನ ಮೈಬಿಸಿ ನಲವತ್ತೊಂದು ಡಿಗ್ರಿ ಸೆಲ್ಸಿಯಸ್ ದಾಟಿತ್ತು. ಸ್ನಾಯುಗಳು ಕರಗಿ ಮೂತ್ರಪಿಂಡಗಳು ಕೈಕೊಟ್ಟವು; ಹನ್ನೊಂದು ದಿನ ಡಯಾಲಿಸಿಸ್ ಆಯಿತು. ತಂಪು ಮಾಡುವುದು ಹತ್ತು ನಿಮಿಷ ತಡವಾಗಿದ್ದರೆ ಹುಡುಗ ಉಳಿಯುತ್ತಿರಲಿಲ್ಲ ಎಂದು ಐಸಿಯು ವೈದ್ಯರು ಹೇಳಿದರು. ಐಸಿಯು ಹೊರಗೆ ಅವನ ತಾಯಿ ಶರ್ಮಿಳಾ ನನ್ನನ್ನು ಕೇಳಿದ್ದು ಒಂದೇ ಪ್ರಶ್ನೆ.

“ಸರ್, ಇದೆಲ್ಲ ಆಗ್ವಾಗ ನೀವು ಅಲ್ಲೇ ಇದ್ರಾ?”

“ಇದ್ದೆ.”

ಅವರು ಎದ್ದು ಹೋಗಿ ಕಾರಿಡಾರಿನ ಆ ತುದಿಯ ಬೆಂಚಿನಲ್ಲಿ ಕೂತರು. ನಾನು ಇದ್ದಷ್ಟು ಹೊತ್ತೂ ಈ ಕಡೆ ತಿರುಗಿ ನೋಡಲಿಲ್ಲ.

ಇನ್ನು ತಮ್ಮ ವಿಚಾರಣೆ. ಸಮಿತಿಯ ಮುಂದೆ ನಾನು ಎಲ್ಲವನ್ನೂ ಹೇಳಿದೆ: ಓಟ ಶುರುಮಾಡಿದವನು ನಾನು, ಅಂದು ಹಾಜರಿದ್ದವನು ನಾನು, ನಿಲ್ಲಿಸಿ ಎಂದವಳಿಗೆ ‘ಮುಗೀಲಿ ಬಿಡು’ ಎಂದವನೂ ನಾನೇ. ತಾವು ತಲೆಯಾಡಿಸಿದಿರಿ. ಆಮೇಲೆ ತಮ್ಮ ಕೊಠಡಿಗೆ ಕರೆಸಿ, ಚಹಾ ತರಿಸಿ ಹೇಳಿದ ಮಾತು ತಮಗೆ ಮರೆತಿರಬಹುದು, ನನಗೆ ಮರೆತಿಲ್ಲ. “ದಾಮೋದರ್, ಅಡ್ವೈಸರ್ ಅಲ್ಲಿದ್ರು ಅಂದ್ರೆ ಕಾಲೇಜೇ ಅಲ್ಲಿತ್ತು ಅಂತ ಆಗತ್ತೆ ಮಾರಾಯ್ರೆ. ಸ್ವಲ್ಪ ಸುಮ್ಮನಿರಿ. ಎಲ್ಲ ತಣ್ಣಗಾಗ್ತದೆ.”

ಸುಮ್ಮನಿದ್ದೆ. ವರದಿ ಬಂತು. ಹದಿನಾಲ್ಕು ಪುಟ, ನನ್ನ ಹೇಳಿಕೆಯ ಒಂದು ಸಾಲೂ ಇಲ್ಲ. ವೈಭವ್ ‘ಓರ್ವ ಅತಿಥಿ’ ಆಗಿದ್ದಾನೆ. ಮುಂದಿನ ತಿಂಗಳು ಹಳೆ ವಿದ್ಯಾರ್ಥಿಗಳ ಸಮಾವೇಶಕ್ಕೆ ಅವನೇ ಮುಖ್ಯ ಅತಿಥಿ ಎಂದು ನೋಟಿಸ್ ಬೋರ್ಡಿನಲ್ಲಿ ಓದಿದೆ. ಅತಿಥಿಗೆ ಬಡ್ತಿ ಸಿಕ್ಕಿದ್ದಕ್ಕೆ ಅಭಿನಂದನೆಗಳು. ಬಳಗ ವಿಸರ್ಜನೆಯಾಗಿದೆ. ಅನುಮತಿಪತ್ರವಿಲ್ಲದೆ ಕಾರ್ಯಕ್ರಮ ನಡೆಸಿದ ತಪ್ಪಿಗೆ ಅಧ್ಯಕ್ಷೆಗೆ ಶಿಕ್ಷೆಯಾಗಿದೆ. ಸುಮಾರು ಮೂವತ್ತು ವರ್ಷದಲ್ಲಿ ಆ ಓಟಕ್ಕೆ ಯಾರಾದರೂ ಅನುಮತಿಪತ್ರ ಕೇಳಿದ್ದುಂಟೇ? ತಾವೇ ಎರಡು ಸಲ ಬಂದು ಬಾವುಟ ಬೀಸಿದಿರಲ್ಲ, ಆಗ ಪತ್ರ ಯಾರ ಜೇಬಿನಲ್ಲಿತ್ತು? “ದಾಮೋದರ್ ಸರ್ ಅಲ್ಲೇ ಇದ್ರು” ಎಂದು ಅವಳು ಸಮಿತಿಗೆ ಹೇಳಿದ್ದನ್ನು ತಮ್ಮ ವರದಿ ಹೀಗೆ ಬರೆದಿದೆ: ‘ವಿದ್ಯಾರ್ಥಿನಿಯು ತನ್ನ ಹೊಣೆಯನ್ನು ಹಿರಿಯರ ಮೇಲೆ ಹೊರಿಸಲು ಯತ್ನಿಸಿದ್ದಾಳೆ.’ ಮಾನ್ಯರೇ, ನನ್ನ ಬಾಯಿ ಮುಚ್ಚಿಸಿ ಅವಳನ್ನು ಸುಳ್ಳುಗಾರ್ತಿ ಮಾಡಿದ ವಾಕ್ಯ ಇದು. ಅವಳ ದಾಖಲೆಯಲ್ಲಿ ಇದು ಉಳಿಯುತ್ತದೆ. ನಾಳೆ ಆಸ್ಪತ್ರೆಯಲ್ಲಿ ತರಬೇತಿಗೆ ಅರ್ಜಿ ಹಾಕಿದಾಗಲೂ ಹಿಂದೆಯೇ ಬರುತ್ತದೆ.

ಹೋದ ಭಾನುವಾರ ಪೆಟಾಲಿಂಗ್ ಜಯಾದ ಅವಳ ಮನೆಗೆ ಹೋಗಿದ್ದೆ. ತಾಯಿ ಅನಿತಾ ಬಾಗಿಲು ತೆರೆದು, ಮಗಳನ್ನು ಕರೆದು, ಒಳಗೆ ಹೋದರು. ಶರಣ್ಯಾ ತೆಳ್ಳಗಾಗಿದ್ದಳು. ಜೊತೆಯವರೆಲ್ಲ ವಾರ್ಡಿಗೆ ಹೋಗುತ್ತಿದ್ದಾರೆ, ಇವಳು ಮನೆಯಲ್ಲಿ ಕೂತು ಹಳೆಯ ನೋಟ್ಸ್ ಓದುತ್ತಿದ್ದಾಳೆ. ನಿಖಿಲ ಆಗಾಗ ಫೋನ್ ಮಾಡುತ್ತಾನಂತೆ. ಎಲ್ಲವನ್ನೂ ಬಹಿರಂಗವಾಗಿ ಬರೆಯುತ್ತೇನೆ ಎಂದೆ.

“ಬರೀರಿ ಸರ್. ಬಟ್ ನನ್ಗೋಸ್ಕರ ಅಂತ ಹೇಳ್ಬೇಡಿ.” ಮತ್ತೆ ಸೇರಿಸಿದಳು, “ಐ ವೇಟೆಡ್, ಯು ನೋ. ಹಿಯರಿಂಗ್ ದಿನ, ಹೊರಗಡೆ. ನೀವು ಬಂದು ಹೇಳ್ತೀರಾ ಅನ್ಕೊಂಡಿದ್ದೆ.”

ನಾನು ಹೇಳಿದ್ದೆ, ಸಮಿತಿ ಬರೆದುಕೊಳ್ಳಲಿಲ್ಲ ಎಂದು ವಿವರಿಸಲು ಹೋದೆ. ಅರ್ಧಕ್ಕೇ ನಿಲ್ಲಿಸಿದೆ. ಬರೆದುಕೊಳ್ಳದಿದ್ದಾಗ ತಮಗೆ ಪತ್ರ ಬರೆದದ್ದು ಬಿಟ್ಟರೆ ಆರು ತಿಂಗಳು ಹೊರಗೆ ಬಾಯಿಬಿಡದವನಿಗೆ ವಿವರಣೆ ಎಲ್ಲಿಯದು?

ದಣಿದಿದ್ದೇನೆ, ಮಾನ್ಯರೇ. ತಮ್ಮ ಮೇಲೆ ಕೋಪವೂ ಈಗ ಮೊದಲಿನಷ್ಟಿಲ್ಲ. ಬಳಗವನ್ನು ಮತ್ತೆ ತೆರೆಯಿರಿ ಎಂದು ಕೇಳುವುದಿಲ್ಲ. ಜ್ವರ ಬಂದವನಿಗೆ ಗಂಜಿ ಮಾಡಿಕೊಡಲು ಮಕ್ಕಳಿಗೆ ನಮ್ಮ ನಿಮ್ಮ ಅಪ್ಪಣೆ ಬೇಕಿಲ್ಲ. ಕೇಳುವುದು ಇಷ್ಟು. ಆ ವಾಕ್ಯವನ್ನು ವರದಿಯಿಂದ ತೆಗೆಯಿರಿ. ನನ್ನ ಹೇಳಿಕೆಯನ್ನು ನನ್ನ ಹೆಸರಿನ ಸಮೇತ ಸೇರಿಸಿ, ಅದಕ್ಕೆ ತಕ್ಕ ಕ್ರಮ ನನ್ನ ಮೇಲೆ ತೆಗೆದುಕೊಳ್ಳಿ. ಹೊಸ ಸೆಮಿಸ್ಟರ್ ಸೋಮವಾರ ಶುರುವಾಗುತ್ತದೆ. ಅಂದು ಬೆಳಿಗ್ಗೆ ಎಂಟರ ವಾರ್ಡ್ ಪಟ್ಟಿಯಲ್ಲಿ ಶರಣ್ಯಾಳ ಹೆಸರಿರಬೇಕು. ಇಲ್ಲದಿದ್ದರೆ ಈ ಪತ್ರದ ಇಂಗ್ಲಿಷ್ ಪ್ರತಿ, ನನ್ನ ಸಹಿಯೊಂದಿಗೆ, ನಿಖಿಲನ ತಂದೆತಾಯಿಯ ಕೈ ಸೇರುತ್ತದೆ. ಅದನ್ನು ಅವರು ಯಾವ ಕಚೇರಿಗೆ ಒಯ್ಯುತ್ತಾರೋ ಅದು ಅವರಿಗೆ ಬಿಟ್ಟದ್ದು. ಯಾರು ಕರೆದರೂ ನಾನು ಹೋಗಿ ಸಾಕ್ಷಿ ಹೇಳುತ್ತೇನೆ.

ಇಂತಿ,
ಸಲಹೆಗಾರನೆಂದು ಕರೆಸಿಕೊಂಡು ಸಲಹೆ ಕೇಳಿದವಳನ್ನು ಹಿಂದಕ್ಕೆ ಕಳಿಸಿದ,
ದಾಮೋದರ
ರೋಗಶಾಸ್ತ್ರ ವಿಭಾಗ (ಸದ್ಯಕ್ಕೆ)