ರೊಟ್ಟಿಯ ಕೆಳಗಿನ ಖೀಮಾ

ಅಮ್ಮಿ,

ಅಬ್ಬಾರನ್ನು ಕರೆದುಕೊಂಡು ಏಳರ ಬಸ್ಸಿಗೆ ಹುಬ್ಬಳ್ಳಿ ಆಸ್ಪತ್ರೆಗೆ ಹೊರಟಿದ್ದೇನೆ. ಹೊಂಬಳದಿಂದ ತಂದ ಮಡಕಿಕಾಳು ನೆನೆಸಿಟ್ಟಿದ್ದೇನೆ. ಮೊಹಸಿನಭಾಯಿಗೆ ಅದರ ಪಲ್ಯ, ಎರಡೇ ರೊಟ್ಟಿ, ಸೌತೆಕಾಯಿ ಕೊಡು.

ಖೀಮಾ ಬೇಡ. ವಾರಕ್ಕೆ ಐದು ದಿನ ಮಾಂಸವಿಲ್ಲದ ಊಟ ಎಂದು ಡಾಕ್ಟರು ನಿನ್ನೆದುರೇ ಹೇಳಿದ್ದಾರೆ. "ಅಪ್ಪಗ ಲಿವರ್ ತುಂಡು ಕೊಡಾಂವಗ ತಾಕತ್ತು ಬ್ಯಾಡೇನ?" ಎಂದು ನೀನು ರೊಟ್ಟಿಯ ಕೆಳಗೆ ಮುಚ್ಚಿ ಬಡಿಸುವುದು ನನಗೆ ಗೊತ್ತು.

ಅವನ ಲಿವರಿನಲ್ಲೂ ಕೊಬ್ಬಿದೆ. ಆರು ಕಿಲೋ ತೂಕ ಇಳಿಯದೆ ಆಪರೇಶನ್ ಮಾಡುವುದಿಲ್ಲ. ತಿಂಗಳಲ್ಲಿ ಇಳಿದದ್ದು ಒಂದೇ ಕಿಲೋ. ನನ್ನ ರಕ್ತದ ಗುಂಪು ಅಬ್ಬಾರಿಗೆ ಹೊಂದುವುದಿಲ್ಲ. ಕೊಡುವವರು ಬೇರೆ ಯಾರೂ ಇಲ್ಲ.

ನಿನ್ನೆ ಅಬ್ಬಾರಿಗೂ ಖೀಮಾದ ವಾಸನೆ ಬಂತು. "ನಿಮ್ಮ ಅಮ್ಮಿಗ ಏನೂ ಅನಬ್ಯಾಡ. ಮಗನ್ನಾದ್ರೂ ಉಳಿಸ್ಕೋಬೇಕಂತ ಮಾಡ್ಯಾಳ" ಎಂದರು.

ಅದಕ್ಕೇ ಬಾಯಿಂದ ಹೇಳದೆ ಬರೆದಿಟ್ಟಿದ್ದೇನೆ.

ನಸ್ರೀನ