ಕ್ಯಾಥೆಡ್ರಲ್ ಬಾಗಿಲಲ್ಲಿ ಬಿಟ್ಟ ಷೂಗಳ ಬಗ್ಗೆ

ವೇಲ್ಸ್‌ನ ಒಂದು ಪುರಾತನ ನಗರದ ಪ್ರವಾಸಿ ತಾಣಗಳ ಮುಖ್ಯಾಧಿಕಾರಿಗಳೇ,

ನನ್ನ ಹೆಂಡತಿಯ ಷೂ ಎಲ್ಲಿ?

ಇದೇ ಪ್ರಶ್ನೆಯನ್ನು ಇಂಗ್ಲಿಷಿನಲ್ಲಿ ನಿಮಗೆ ಹಲವು ಸಲ ಕೇಳಿದ್ದೇನೆ. ಬಂದ ಉತ್ತರಗಳನ್ನು ನೋಡಿದರೆ ತಾವು ಪತ್ರ ಓದುವ ಪೈಕಿ ಅಲ್ಲವೆಂದು ತೋರುತ್ತದೆ. ಹೇಗೂ ಓದುವುದಿಲ್ಲ ಎಂದಮೇಲೆ ಕನ್ನಡದಲ್ಲೇ ಬರೆದು ಆಕ್ಲೆಂಡಿನ ನಮ್ಮ ಕನ್ನಡ ಕೂಟದ ಸಂಚಿಕೆಯಲ್ಲಿ ಅಚ್ಚು ಹಾಕಿಸಿದರೆ ನಾಲ್ಕು ಜನ ನಮ್ಮವರಾದರೂ ಓದಿಯಾರು. ನಿಮ್ಮ ನಗರದ ಹೆಸರನ್ನು ಬೇಕೆಂದೇ ಬಿಟ್ಟಿದ್ದೇನೆ. ಪುಕ್ಕಟೆ ಪ್ರಚಾರ ಕೊಟ್ಟು ಇನ್ನಷ್ಟು ಜನರನ್ನು ನಿಮ್ಮ ಬಾಗಿಲಿಗೆ ಕಳಿಸುವ ಉದ್ದೇಶ ನನಗಿಲ್ಲ.

ನಾನು ಅನುಮಾನದ ಮನುಷ್ಯ, ಒಪ್ಪುತ್ತೇನೆ. ಆಕ್ಲೆಂಡಿನ ಪೆನ್‌ರೋಸ್ ಬಡಾವಣೆಯ ಗೋದಾಮೊಂದರಲ್ಲಿ ಕಾಣೆಯಾದ ಸರಕನ್ನು ಪತ್ತೆ ಹಚ್ಚುವುದೇ ನನ್ನ ಹೊಟ್ಟೆಪಾಡು. ‘ಇಲ್ಲ ಮೇಟ್, ಹೋಗಿಬಿಟ್ಟಿದೆ’ ಎಂದವನ ಮುಖ ನೋಡಿದರೆ ಸಾಕು, ಸರಕು ಅವನ ಬೆನ್ನ ಹಿಂದೆಯೇ ಇದೆಯೋ ಇಲ್ಲವೋ ನನಗೆ ಗೊತ್ತಾಗುತ್ತದೆ. ಹೀಗಾಗಿ 2007ರ ಜುಲೈನಲ್ಲಿ ನಿಮ್ಮ ಊರಿಗೆ ಬಂದಾಗಲೂ ನನ್ನ ಕಣ್ಣು ಸುಮ್ಮನಿರಲಿಲ್ಲ. ಛಾವಣಿಯೇ ಇಲ್ಲದ ಅರಮನೆಗೆ ಟಿಕೆಟ್ ಯಾಕೆ? ಶತಮಾನಗಳಿಂದ ಬೀಳುತ್ತಿರುವ ಗೋಡೆ ಫೋಟೋಗೆ ಚೆನ್ನಾಗಿ ಕಾಣುವಷ್ಟು ಮಾತ್ರ ಬಿದ್ದು ನಿಂತಿರುವುದು ಹೇಗೆ? ದೋಣಿಯಲ್ಲಿ ಕರೆದೊಯ್ದು ತೋರಿಸಿದ ಸೀಲ್ ಪ್ರಾಣಿಗಳು ನಾವು ಬರುವುದನ್ನೇ ಕಾಯುತ್ತಿದ್ದಂತೆ ತಲೆ ಎತ್ತಿದ್ದು ಯಾರ ಏರ್ಪಾಡು? ಗಟ್ಟಿಯಾಗಿ ಕೇಳಿದ್ದಕ್ಕೆ ಮಗಳು ಪ್ರತೀಕ್ಷಾ, “ಡ್ಯಾಡ್, ಪ್ಲೀಸ್, ಜಸ್ಟ್ ಎಂಜಾಯ್ ಇಟ್” ಎಂದಳು. ಸುಮ್ಮನಾದೆ. ಷೂ ವಿಷಯದಲ್ಲಿ ಸುಮ್ಮನಾಗಲಾರೆ.

ನನ್ನ ಹೆಂಡತಿ ಕಾಮಾಕ್ಷಿಗೆ ಚಿಕ್ಕಂದಿನ ಪೋಲಿಯೋದಿಂದ ಎಡಗಾಲು ಗಿಡ್ಡ. ಇಲ್ಲಿನ ಆಸ್ಪತ್ರೆಯವರು ಅಳತೆ ತೆಗೆದು, ತಿದ್ದಿ ತೀಡಿ, ಎಡಗಡೆಯ ಅಟ್ಟೆ ದಪ್ಪಗಿರುವ ಕಂದು ಬಣ್ಣದ ಷೂ ಮಾಡಿಕೊಟ್ಟ ಮೇಲೆಯೇ ಅವಳು ಈ ಪ್ರವಾಸಕ್ಕೆ ಹ್ಞೂಂ ಎಂದದ್ದು. ಅದಕ್ಕೆ ಮುಂಚೆ, ಮೈಸೂರಿನಲ್ಲಿದ್ದಾಗಿನಿಂದಲೂ, ನಾವು ಯಾವ ದೇವಸ್ಥಾನಕ್ಕೆ ಹೋದರೂ ಬರಿಗಾಲಿನಲ್ಲಿ ಆ ನೂಕುನುಗ್ಗಲು ತನ್ನಿಂದಾಗದೆಂದು ಅವಳು ಹೊರಗೇ ಕೂತು ನಮ್ಮೆಲ್ಲರ ಚಪ್ಪಲಿ ಕಾಯುತ್ತಿದ್ದಳು. ಕಾಯುತ್ತಿರು ಎಂದು ಯಾರೂ ಹೇಳಿದ್ದಲ್ಲ. ಬೇಡ, ಬಾ ಎಂದೂ ಯಾರೂ ಕರೆಯಲಿಲ್ಲ. ಅಂದು ನಿಮ್ಮ ಕ್ಯಾಥೆಡ್ರಲ್ಲಿನ ಬಾಗಿಲಲ್ಲಿ ನಿಂತು ಜನರಿಲ್ಲದ ಆ ಅಗಲವಾದ ನೆಲ ನೋಡಿ, “ಇವತ್ತು ನಾನೂ ಒಳಗೆ ಬರ್ತೀನಿ ಕಣ್ರೀ” ಎಂದು ಷೂ ಬಿಚ್ಚತೊಡಗಿದಳು. “ಮಮ್, ಯು ಡೋಂಟ್ ಹ್ಯಾವ್ ಟು” ಎಂದ ಮಗಳಿಗೆ, “ದೇವರ ಮನೆ ಅಂದ್ಮೇಲೆ ಯಾರ ದೇವರಾದ್ರೇನು? ನೀನೂ ಬಿಚ್ಚೇ” ಎಂದು ಗದರಿದಳು. ಹಳೆಯ ಬಟ್ಟೆ, ಪುಸ್ತಕ, ಟೀ ಕಪ್ಪು ಹರಡಿದ್ದ ಒಂದು ಮೇಜು ಬಾಗಿಲ ಪಕ್ಕದಲ್ಲಿತ್ತು. ಅದರ ಕೆಳಗೆ ಮೂವರ ಷೂಗಳನ್ನೂ ಸಾಲಾಗಿ ಜೋಡಿಸಿಟ್ಟೆವು. ನನ್ನ ತೋಳು ಹಿಡಿದು ಅವಳು ಇಡೀ ಚರ್ಚನ್ನು ನಿಧಾನವಾಗಿ ಸುತ್ತಿದಳು. ಗಾಜಿನ ಕಿಟಕಿಯ ಬಣ್ಣ ಪಾದದ ಮೇಲೆ ಬಿದ್ದದ್ದನ್ನು ನೋಡಿ ನಕ್ಕಳು. ಮದುವೆಯ ದಿನ ಬಿಟ್ಟರೆ ನಾವಿಬ್ಬರೂ ಒಟ್ಟಿಗೆ ಒಂದು ದೇವರ ಮುಂದೆ ನಿಂತದ್ದು ಅದೇ ಮೊದಲು.

ಹೊರಗೆ ಬಂದರೆ ಮೇಜು ಖಾಲಿ, ಅದರ ಕೆಳಗೂ ಖಾಲಿ. ಅಲ್ಲಿದ್ದ ನಿಮ್ಮ ಸ್ವಯಂಸೇವಕಿ ಅಜ್ಜಿ ಎದೆಯ ಮೇಲೆ ಕೈಯಿಟ್ಟು, “ಹೌ ಕೈಂಡ್ ಆಫ್ ಯು! ವ್ಯಾನ್ ಈಗಷ್ಟೇ ಹೋಯಿತು” ಎಂದರು. ಬಡವರ ಸಹಾಯಕ್ಕೆಂದು ಹಳೆಯ ಸಾಮಾನು ಮಾರುವ ಸಂತೆಗೆ ನಾವು ಷೂ ದಾನ ಮಾಡಿದ್ದೇವೆಂದು ಅವರ ಎಣಿಕೆ! ಆಮೇಲೆ ನಮ್ಮ ಬರಿಗಾಲು ಕಂಡು ಅವರ ಮುಖ ಬಿಳಿಚಿಕೊಂಡಿತು. ಆ ಅಜ್ಜಿಯ ಮೇಲೆ ನನಗೆ ಸಿಟ್ಟಿಲ್ಲ. ಮರುದಿನ ನನ್ನ ಮತ್ತು ಮಗಳ ಷೂಗಳು ವಾಪಸು ಬಂದವು. ಕಾಮಾಕ್ಷಿಯದು ‘ಮಾರಾಟವಾಗಿದೆ’ ಎಂದು ನಿಮ್ಮ ಕಚೇರಿ ತಿಳಿಸಿತು.

ಯಾರಿಗೆ, ಸ್ವಾಮಿ? ಒಂದು ಅಟ್ಟೆ ದಪ್ಪ, ಒಂದು ತೆಳು ಇರುವ ಷೂ ಕೊಂಡ ಮಹಾನುಭಾವರು ಯಾರು? ಅದೇ ಎಡಗಾಲು, ಅಷ್ಟೇ ಗಿಡ್ಡವಾಗಿರುವ ಮತ್ತೊಬ್ಬ ಹೆಂಗಸು ನಿಮ್ಮ ಪುಟ್ಟ ಊರಿನಲ್ಲಿ ಅಂದೇ ಸಂತೆಗೆ ಬಂದಿದ್ದಳೇ? ಅಥವಾ ಯಾರೋ ಅದನ್ನು ಕೆಟ್ಟುಹೋದ ಮಾಲೆಂದು ಕಸಕ್ಕೆ ಎಸೆದು, ಹಾಗೆಂದು ಹೇಳಲು ನಾಚಿ, ಮಾರಾಟದ ಕತೆ ಕಟ್ಟಿದರೇ? ಇದನ್ನು ಕೇಳಿದರೆ ತಾವು, ಷೂ ತೆಗೆಯಬೇಕೆಂಬ ನಿಯಮ ನಮ್ಮಲ್ಲಿಲ್ಲ ಎಂದಿರಿ. ಇನ್ನೊಮ್ಮೆ ಕೇಳಿದಾಗ, ಬರುವಾಗ ನಿಮ್ಮ ಪತ್ನಿ ಷೂ ಧರಿಸಿದ್ದರೆಂಬುದಕ್ಕೆ ಏನು ಆಧಾರ ಎಂದಿರಿ. ಭೂಮಿಯ ಆ ತುದಿಯಿಂದ ಈ ತುದಿಗೆ ಅವಳು ಬರಿಗಾಲಿನಲ್ಲಿ ಬಂದಳೆಂದು ತಮ್ಮ ತರ್ಕವೇ? ನ್ಯೂಜಿಲೆಂಡಿನಲ್ಲಿ ಮಕ್ಕಳು ಬರಿಗಾಲಿನಲ್ಲೇ ಮೂಲೆಯಂಗಡಿಗೆ ಹೋಗಿ ಐಸ್‌ಕ್ರೀಂ ತರುತ್ತಾರೆ. ಇಲ್ಲಿನ ಮೂಲನಿವಾಸಿ ಮಾವೊರಿಗಳ ಸಭಾಭವನದ ಹೊರಗೆ ಎಷ್ಟು ಷೂ ಬಿದ್ದಿದ್ದರೂ ಯಾರೂ ಅದನ್ನು ದಾನವೆಂದು ಹೊತ್ತೊಯ್ಯುವುದಿಲ್ಲ. ಇಷ್ಟರ ಮೇಲೆ, ಸಮಾಧಾನಕ್ಕೆಂದು ಅರಮನೆಗೆ, ಕೋಟೆಗೆ ಉಚಿತ ಪಾಸು ಕಳಿಸಿದ್ದೀರಿ. ಕಡಲಂಚಿನ ಹೊಲದಲ್ಲಿರುವ ಪವಿತ್ರ ಬಾವಿಗೆ ತಾನೇ ನಡೆದು ಹೋಗಬೇಕೆಂದು ಅವಳು ಆಸೆಪಟ್ಟಿದ್ದಳು. ಆ ದಿನವನ್ನು ನನ್ನ ಕಾಲುಚೀಲ ಹಾಕಿಕೊಂಡು ಹೋಟೆಲಿನ ಕೋಣೆಯಲ್ಲಿ ಕಳೆದಳು. ಪಾಸು ನಿಮ್ಮಲ್ಲೇ ಇರಲಿ.

ಹೊಸ ಷೂ ತಯಾರಾಗುತ್ತಿದೆ. ನನ್ನ ಸಂಕಟ ಷೂ ಅಲ್ಲ. ಕಳೆದ ಭಾನುವಾರ ಇಲ್ಲಿನ ದೇವಸ್ಥಾನಕ್ಕೆ ಹೋದೆವು. ಜನ ಕಡಿಮೆ, ನೆಲ ಸಪಾಟು. ಒಳಗೆ ಬಾ ಎಂದು ಕೈ ಚಾಚಿದೆ. ಅವಳು ಬಾಗಿಲ ಪಕ್ಕದ ಬೆಂಚಿನಲ್ಲಿ ಕೂತುಬಿಟ್ಟಳು. “ನಾನು ಅವತ್ತೂ ಹೊರಗೇ ಇರ್ಬೇಕಿತ್ತು ರೀ. ಒಳಗೆ ಬಂದಿದ್ದಕ್ಕೇ ಹಂಗಾಯ್ತು. ನೀವು ಹೋಗ್ಬನ್ನಿ” ಎಂದಳು.

ಆದ್ದರಿಂದ ನನ್ನ ಬೇಡಿಕೆ ಒಂದೇ. ಪರಿಹಾರ ಬೇಡ, ತನಿಖೆಯೂ ಬೇಡ. ಶ್ರೀಮತಿ ಕಾಮಾಕ್ಷಿಯವರಿಗೆ ಎಂದು ಅವಳ ಹೆಸರಿಗೇ ಒಂದು ಪತ್ರ ಬರೆಯಿರಿ. ತಪ್ಪು ನಮ್ಮದು, ನೀವು ಒಳಗೆ ಬಂದದ್ದು ತಪ್ಪಲ್ಲ ಎಂದು ಬರೆಯಿರಿ. ವೆಲ್ಷ್ ಭಾಷೆಯಲ್ಲಿ ಬರೆದರೂ ಆದೀತು, ಯಾರಿಂದಲಾದರೂ ಓದಿಸಿಕೊಳ್ಳುತ್ತೇವೆ. ನಾನು ಹೇಳಿದರೆ ಅವಳು ನಂಬುತ್ತಿಲ್ಲ.

ಇಂತಿ,
ನಿಮ್ಮ ಪತ್ರ ಬರುವವರೆಗೂ ದೇವಸ್ಥಾನದ ಹೊರಗಿನ ಬೆಂಚಿನಲ್ಲಿ ಹೆಂಡತಿಯ ಪಕ್ಕ ಕೂತು ಊರವರ ಚಪ್ಪಲಿ ಕಾಯಲಿರುವ
ಬದರಿನಾಥ್
ಪಾಪಟೋಯಿಟೋಯಿ, ಆಕ್ಲೆಂಡ್